ನಿಜವಾದ ಜನರನ್ನು ಅಳೆಯುವ ಯಂತ್ರ

ಪಾಸೊ ಹೊಂದೊ ಪುರಸಭೆಯ ವೆಬ್ ಪುಟವನ್ನು ಇಡೀ ಜಗತ್ತು ನೋಡುತ್ತಿದೆ ಎಂದು ಎವಾರಿಸ್ತೊ ಬೆಂತಾಂಕೊರ್ ನಂಬಿದ್ದ. ಈ ನಂಬಿಕೆಗೆ ಆಧಾರ ಇರಲಿಲ್ಲ. ಆದರೆ ಅದರಿಂದ ಅವನಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು. ಆರು ವರ್ಷದ ಹಿಂದೆ ಅವನು ಸಹಕಾರ ಸಂಘದ ಗೋದಾಮಿನಲ್ಲಿ ಉಣ್ಣೆಯ ಮೂಟೆ ತೂಗುತ್ತಿದ್ದವನು. ಪುರಸಭೆಯವರು ಪುಟ ಮಾಡಿಸಿ, ನೋಡಿಕೊಳ್ಳುವುದಕ್ಕೆ ಯಾರಿದ್ದಾರೆ ಎಂದು ಹುಡುಕಿದಾಗ, ಕೀಲಿಮಣೆ ಕಂಡರೆ ಹೆದರದವನು ಎಂದು ಊರಿನಲ್ಲಿ ಸಿಕ್ಕಿದ್ದು ಇವನೊಬ್ಬನೇ. ಅಂದಿನಿಂದ ಮೈಮೇಲಿನ ಕುರಿಯ ವಾಸನೆ ಹೋಯಿತು, ಇಸ್ತ್ರಿ ಮಾಡಿದ ಅಂಗಿ ಬಂತು. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಚಹಾದಂತೆ ಹೀರುವ ಮಾಟೆ ಸೊಪ್ಪಿನ ಸೋರೆಬುರುಡೆ ಹಿಡಿದು ಅವನು ಚೌಕ ದಾಟುವ ರೀತಿ ನೋಡಿದರೆ, ಹಿಂದೆ ಯಾರೋ ಬ್ಯಾಂಡು ಬಾರಿಸಿಕೊಂಡು ಬರುತ್ತಿದ್ದಾರೆ ಎನ್ನಿಸುತ್ತಿತ್ತು.

ಆ ಪುಟದಲ್ಲಿ ನಾಯಿಗೆ ಚುಚ್ಚುಮದ್ದಿನ ಸರದಿ ಹಿಡಿಯಬಹುದು, ಊರಿನ ಸಾವಿನ ಸುದ್ದಿ ಓದಬಹುದು, ಹೆಸರು ಹೇಳದೆ ದೂರು ಕೊಡಬಹುದು, ಬೋಚಾ ಚೆಂಡಾಟದ ಅಂಕ ನೋಡಬಹುದು, ಸ್ಮಶಾನದ ಗೋಡೆಯಲ್ಲಿ ಹೆಣ ಇಡುವ ಗೂಡು ಕಾಯ್ದಿರಿಸಬಹುದು. ಏನೇ ಮಾಡಿ, ಮೊದಲು ಎವಾರಿಸ್ತೊನ ದರ್ಶನ ಆಗಲೇಬೇಕು. ಪ್ರತಿ ಪುಟದ ನೆತ್ತಿಯ ಮೇಲೂ ಒಂದು ಫೋಟೊ ಇತ್ತು. ಪುಟದ ಉದ್ಘಾಟನೆಯ ದಿನ ಮದುವೆ ಫೋಟೊಗ್ರಾಫರನನ್ನು ಕರೆಸಿ ತೆಗೆಸಿದ್ದು. ಮೇಲೆ ಧಾರಾಳವಾಗಿ ಆಕಾಶ, ಆಮೇಲೆ ತಾಳೆಮರ, ಮರದ ಕೆಳಗೆ ಹ್ಯಾಟು ತೊಟ್ಟು ರಿಬ್ಬನ್ ಕತ್ತರಿಸುತ್ತಿರುವ ಅಧ್ಯಕ್ಷೆ ದೋನ್ಯ ಇರ್ಮಾ, ಅವಳ ಭುಜದ ಹಿಂದೆ ನಗುತ್ತಿರುವ ಎವಾರಿಸ್ತೊ. ಗೋಡೆಗೆ ಅಂಟಿಸಬಹುದಾದಷ್ಟು ದೊಡ್ಡ ಫೋಟೊವನ್ನು ಹಾಗೆಹಾಗೇ ತಂದು ಅಲ್ಲಿ ಕೂರಿಸಿದ್ದ. ಸ್ವಲ್ಪ ಕುಗ್ಗಿಸಿ ಎಂದು ಪುಟ ಮಾಡಿಕೊಟ್ಟವರು ಆಗಲೇ ಹೇಳಿದ್ದರು. ಕುಗ್ಗಿಸಿದರೆ ಮೊದಲು ಕಾಣೆಯಾಗುವುದು ತಾನೇ ಎಂಬುದು ಎವಾರಿಸ್ತೊಗೆ ಗೊತ್ತಿತ್ತು. ಅವನು ಕುಗ್ಗಿಸಲಿಲ್ಲ.

ಹೀಗೆ ಸುಖವಾಗಿದ್ದವನಿಗೆ ಜಿಲ್ಲಾ ಕೇಂದ್ರದಿಂದ ಸುತ್ತೋಲೆಯೊಂದು ಬಂತು. ಚಳಿಗಾಲ ಮುಗಿಯುವ ಹೊತ್ತಿಗೆ ತಪಾಸಣಾಧಿಕಾರಿ ಗ್ವಾಲ್ಬೆರ್ತೊ ತೆಚೇರಾ ಎಂಬವರು ಊರೂರಿಗೆ ಬಂದು ಪುಟಗಳನ್ನು ಪರೀಕ್ಷಿಸುತ್ತಾರೆ. ಜನ ಉಪಯೋಗಿಸದ ಪುಟವನ್ನು ಮುಚ್ಚಿ ಜಿಲ್ಲೆಯ ಪುಟಕ್ಕೆ ಸೇರಿಸಲಾಗುವುದು, ನೋಡಿಕೊಳ್ಳುವವರನ್ನು ಹಿಂದಿನ ಕೆಲಸಕ್ಕೆ ಕಳುಹಿಸಲಾಗುವುದು. ಪರೀಕ್ಷೆಗೆಂದು ಹೊಸ ಸಾಧನವೊಂದನ್ನೂ ಅದರ ಕೀಲಿಪದವನ್ನೂ ಕೊಟ್ಟಿದ್ದರು. ಕೀಲಿಪದ ಹಾಕಿ, ಪುಟದ ವಿಳಾಸ ಹಾಕಿ ಕೇಳಿದರೆ, ಕಳೆದ ನಾಲ್ಕು ವಾರಗಳಲ್ಲಿ ತಮ್ಮ ತಮ್ಮ ಫೋನಿನಿಂದ ಅದನ್ನು ತೆರೆದ ನಿಜವಾದ ಜನರಿಗೆ ಪುಟ ಎಷ್ಟು ಹೊತ್ತಿಗೆ ಕಂಡಿತು, ಬೆರಳಿಗೆ ಎಷ್ಟು ಬೇಗ ಓಗೊಟ್ಟಿತು, ತೆರೆಯುವಾಗ ಎಷ್ಟು ಜಿಗಿದಾಡಿತು ಎಂದು ಅದು ಹೇಳುತ್ತದೆ. ಯಾರ ಹೆಸರೂ ಬರುವುದಿಲ್ಲ, ಯಾರ ಮುಖವೂ ಬರುವುದಿಲ್ಲ. ಎಲ್ಲರನ್ನೂ ಒಟ್ಟು ಹಾಕಿ ತೆಗೆದ ಅಂಕಿ ಮಾತ್ರ.

ಎವಾರಿಸ್ತೊ ಕೇಳಿದ. ಯಂತ್ರ ಹೇಳಿತು: ಒಂಬತ್ತು ಸೆಕೆಂಡು. ಕೆಂಪು ಅಕ್ಷರದಲ್ಲಿ ಹೇಳಿತು. ಜಿಗಿದಾಟದ ಅಂಕಿಯೂ ಕೆಂಪು.

ಅವನು ತಕ್ಷಣ ತನ್ನ ಕಚೇರಿಯ ಕಂಪ್ಯೂಟರಿನಲ್ಲಿ ಪುಟ ತೆರೆದ. ಒತ್ತಿದ ಕೂಡಲೇ ಆಕಾಶ, ತಾಳೆಮರ, ಇರ್ಮಾ, ಎವಾರಿಸ್ತೊ ಎಲ್ಲರೂ ಒಟ್ಟಿಗೆ ಹಾಜರಾದರು. ದೂರವಾಣಿ ಕೇಂದ್ರ ಪಕ್ಕದ ಕಟ್ಟಡದಲ್ಲೇ ಇತ್ತು, ಕೇಬಲ್ಲು ನೇರವಾಗಿ ಅವನ ಮೇಜಿಗೇ ಬರುತ್ತಿತ್ತು ಎಂಬುದು ಬೇರೆ ಮಾತು.

"ನಿಜವಾದ ಜನ ಅಂತೆ! ಹಾಗಾದ್ರೆ ನಾನೇನು ಸುಳ್ಳು ಜನಾನಾ?" ಎಂದು ಅವನು ಗೋಡೆಯನ್ನು ಕೇಳಿದ. ಜಿಲ್ಲಾ ಕೇಂದ್ರದವರು ತನ್ನನ್ನು ಗೋದಾಮಿಗೆ ಅಟ್ಟಲು ಹೂಡಿದ ಸಂಚು ಇದು ಎಂಬ ಅನುಮಾನ ಆ ಕ್ಷಣವೇ ಹುಟ್ಟಿ, ಮಧ್ಯಾಹ್ನದ ಊಟದೊಳಗೆ ಖಚಿತ ಜ್ಞಾನವಾಗಿ ಬೆಳೆಯಿತು.

ಮರುದಿನ ಬೆಳಿಗ್ಗೆ ಅವನು ಮಿಲ್ಕಾಳ ಬೇಕರಿಗೆ ಹೋದ. ಪಾಸೊ ಹೊಂದೊದಲ್ಲಿ ಬೇಕರಿಗೆ ಹೋಗುವುದೆಂದರೆ ಬರೀ ತಿನ್ನುವುದಕ್ಕೆ ಹೋಗುವುದಲ್ಲ. ಅಲ್ಲಿ ಮಿಲ್ಕಾ ಇದ್ದಳು, ಅಂಗಡಿ ಇಟ್ಟಿದ್ದ ದೋನ್ ವಾಷಿಂಗ್ಟನ್ ಇದ್ದ, ಜೊತೆಗೆ ದೋನ್ಯ ಕ್ಲೋತಿಲ್ದೆ ಇದ್ದಳು. ಈ ಕ್ಲೋತಿಲ್ದೆಗೆ ಎಂಬತ್ತು ದಾಟಿತ್ತು. ಕೈಯಲ್ಲಿ ಸದಾ ಒಂದು ಕೊಡೆ. ಮಗಳನ್ನು ಜಿಲ್ಲಾ ಕೇಂದ್ರದ ಯಾರೋ ದೊಡ್ಡ ಅಧಿಕಾರಿಗೆ ಕೊಟ್ಟಿದ್ದೇನೆಂದು ಎಲ್ಲರಿಗೂ ಹೇಳುತ್ತಿದ್ದಳು, ಅಳಿಯನ ಮುಖವನ್ನು ಮಾತ್ರ ಊರಿನವರು ಯಾರೂ ಕಂಡಿರಲಿಲ್ಲ. ಅವತ್ತು ಅವಳು ಬೆಂಕಿಯಾಗಿದ್ದಳು.

"ನಿನ್ನೆ ಸ್ಮಶಾನದ ಕಾವಲುಗಾರ ನನ್ನ ಮನೆ ಬಾಗಿಲಿಗೆ ಬಂದಿದ್ದ ಕಣೇ ಮಿಲ್ಕಾ. ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡು, 'ಅಮ್ಮಾ, ಕಲ್ಲಿನ ಮೇಲೆ ಹೆಸರು ಪೂರ್ತಿ ಕೆತ್ತಲೋ, ಬರೀ ಕ್ಲೋತಿಲ್ದೆ ಅಂತ ಸಾಕೋ' ಅಂತ ಕೇಳ್ದ! ಯಾರೋ ನನ್ನ ಹೆಸರಲ್ಲಿ ಗೂಡು ಹಿಡಿದಿದ್ದಾರಂತೆ. ಆ ಪುಟದಲ್ಲಿ. ನಾನು ಇನ್ನೂ ಉಸಿರಾಡ್ತಾ ಇದ್ದೀನಿ!"

"ಯಾರು ಹಿಡಿದ್ರು ಅಂತ ಬರೆದಿಲ್ವಾ?" ಎಂದ ವಾಷಿಂಗ್ಟನ್.

"ಸಾಯೋರ ಹೆಸರು ಮಾತ್ರ ಕೇಳುತ್ತಂತೆ ಅದು. ಹೂಳೋರ ಹೆಸರು ಕೇಳಲ್ವಂತೆ."

ಮೂವರೂ ಎವಾರಿಸ್ತೊನತ್ತ ತಿರುಗಿದರು. ಪುಟ ಅವನದು, ಆದ್ದರಿಂದ ಗೂಡೂ ಅವನದೇ ಎಂಬಂತೆ ನೋಡಿದರು. ಇಂಥ ಹೊತ್ತಿನಲ್ಲಿ ಬುದ್ಧಿ ಇದ್ದವನು ಬನ್ನು ತೆಗೆದುಕೊಂಡು ಹೊರಟುಹೋಗುತ್ತಾನೆ. ಎವಾರಿಸ್ತೊ ನಿಂತ. ರಾತ್ರಿಯಿಡೀ ಒಂಬತ್ತು ಸೆಕೆಂಡಿನ ಅವಮಾನ ನುಂಗಿದ್ದವನಿಗೆ ಸ್ವಲ್ಪ ಮರ್ಯಾದೆ ತುರ್ತಾಗಿ ಬೇಕಾಗಿತ್ತು.

"ಇನ್ಮೇಲೆ ಹಾಗೆಲ್ಲ ನಡೆಯಲ್ಲ," ಎಂದ. "ಜಿಲ್ಲೆಯಿಂದ ನನಗೆ ಒಂದು ಯಂತ್ರ ಕೊಟ್ಟಿದ್ದಾರೆ. ನಿಜವಾದ ಜನ ಪುಟದಲ್ಲಿ ಏನು ಅನುಭವಿಸ್ತಾರೆ, ಎಷ್ಟು ಹೊತ್ತು ಕಾಯ್ತಾರೆ, ಬೆರಳು ಒತ್ತಿದಾಗ ಏನಾಗುತ್ತೆ, ಎಲ್ಲಾ ನನಗೆ ಬರುತ್ತೆ."

"ಬೆರಳು ಒತ್ತಿದ್ದು ಬರುತ್ತಾ?" ಎಂದಳು ಮಿಲ್ಕಾ. ಅವಳ ಕೈಯಲ್ಲಿದ್ದ ಇಕ್ಕಳ ನಡುದಾರಿಯಲ್ಲಿ ನಿಂತಿತು.

"ಬರುತ್ತೆ."

"ಹಾಗಾದ್ರೆ ನನ್ನ ಗೂಡು ಹಿಡಿದೋನು ಯಾರು ಅಂತ ನಿನಗೆ ಗೊತ್ತು!" ಎಂದು ಕ್ಲೋತಿಲ್ದೆ ಕೊಡೆಯ ತುದಿಯನ್ನು ಅವನ ಎದೆಗೆ ಇಟ್ಟಳು.

ಗೊತ್ತಿಲ್ಲ ಎಂಬ ಒಂದು ಮಾತು ಸಾಕಾಗಿತ್ತು. ಎವಾರಿಸ್ತೊ ಆ ಮಾತನ್ನು ಬಾಯಿಯವರೆಗೆ ತಂದ. ಅಷ್ಟರಲ್ಲಿ ಬೇಕರಿಯಲ್ಲಿ ಎಂದೂ ಇರದಿದ್ದ ಮೌನ ಅವನ ಕಿವಿಗೆ ಬಿತ್ತು. ಇಷ್ಟು ಜನ ತನ್ನ ಬಾಯನ್ನೇ ನೋಡುತ್ತ ನಿಂತದ್ದು ಅವನ ಮದುವೆಯ ದಿನವೂ ಆಗಿರಲಿಲ್ಲ.

"ಕಾನೂನು ಪ್ರಕಾರ ನಾನು ಹೇಳೋ ಹಾಗಿಲ್ಲ, ದೋನ್ಯ ಕ್ಲೋತಿಲ್ದೆ," ಎಂದ ಗಂಭೀರವಾಗಿ. ಬನ್ನು ತೆಗೆದುಕೊಂಡು ಹೊರಟ. ಮಿಲ್ಕಾ ಬೇಡವೆಂದರೂ ಇನ್ನೆರಡು ಬನ್ನು ಚೀಲಕ್ಕೆ ಹಾಕಿದ್ದಳು. ಅದು ಅಭಿಮಾನ ಎಂದು ಅವನು ತಿಳಿದ. ಅದು ಭಯ.

ಮಧ್ಯಾಹ್ನದ ನಿದ್ದೆಗೆ ಊರು ಮಲಗುವ ಮೊದಲೇ ಸುದ್ದಿ ಮನೆಮನೆಗೂ ತಲುಪಿತ್ತು. ಎದ್ದ ಮೇಲೆ ಮೊದಲು ಬಂದವನು ವಾಷಿಂಗ್ಟನ್. ಕಚೇರಿಯ ಬಾಗಿಲು ಹಾಕಿ, ಕಿಟಕಿಯಲ್ಲಿ ಇಣುಕಿ ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

"ದೋನ್ ಎವಾರಿಸ್ತೊ, ಕ್ಲಬ್ಬಿನಲ್ಲಿ ಇಸ್ಪೀಟಾಡೋರ ಗಲಾಟೆ ಜಾಸ್ತಿ ಅಂತ ಒಂದು ದೂರು ಬಂದಿತ್ತಲ್ಲ."

"ಬಂದಿತ್ತು. ಪೊಲೀಸರು ಹೋಗಿ ಮೇಜು ಎತ್ತಿಸಿದ್ರಲ್ಲ."

"ನೋಡಿ, ನಿಮಗೆ ಗೊತ್ತು. ನನ್ನ ಬಾಯಿಂದಲೇ ಬರ್ಲಿ ಅಂತ ಸುಮ್ನಿದ್ದೀರಿ."

"ನನಗೇನೂ ಗೊತ್ತಿಲ್ಲ, ದೋನ್ ವಾಷಿಂಗ್ಟನ್. ಆ ಯಂತ್ರ ಹೆಸರು ಹೇಳಲ್ಲ."

"ಆಹಾ! 'ಗೊತ್ತಿಲ್ಲ' ಅನ್ನೋದನ್ನ ಎಷ್ಟು ಚೆನ್ನಾಗಿ ಹೇಳ್ತೀರಿ!" ಎಂದು ವಾಷಿಂಗ್ಟನ್ ಕಣ್ಣು ತುಂಬಿಕೊಂಡ. "ದೂರು ಕೊಟ್ಟಿದ್ದು ನಾನೇ. ಕ್ಲಬ್ಬಿನ ಕಾರ್ಯದರ್ಶಿಯೂ ನಾನೇ. ಏನ್ಮಾಡ್ಲಿ, ಒಂದು ವರ್ಷದಿಂದ ಒಂದಾಟ ಗೆದ್ದಿಲ್ಲ. ಮೇಜೇ ಹೋದ್ರೆ ಸೋಲೋದೂ ನಿಲ್ಲುತ್ತೆ ಅನ್ಕೊಂಡೆ. ಆ ಯಂತ್ರದಿಂದ ಅಳಿಸಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಎವಾರಿಸ್ತೊ ಎಷ್ಟು ಬಿಡಿಸಿ ಹೇಳಿದರೂ ಕೇಳಲಿಲ್ಲ. ಕೊನೆಗೆ ಬೇಸತ್ತು ಕೀಲಿಮಣೆಯ ಮೇಲೆ ಒಂದು ಗುಂಡಿ ಒತ್ತಿ, "ಅಳಿಸಿದೆ," ಎಂದ. ವಾಷಿಂಗ್ಟನ್ ಹಗುರಾಗಿ ಹೋದ.

ಮಿಲ್ಕಾ ಬಂದದ್ದು ಮರುದಿನ, ಒಂದು ತಟ್ಟೆ ಬಿಸಿ ಬನ್ನಿನೊಂದಿಗೆ. ಮದುವೆಯಾಗದ ಹೆಂಗಸು ದಿನಾ ಬೆಳಿಗ್ಗೆ ಸಾವಿನ ಸುದ್ದಿಯ ಪುಟ ತೆರೆಯುವುದರಲ್ಲಿ ಕಾನೂನಿನ ಪ್ರಕಾರ ಏನಾದರೂ ತಪ್ಪಿದೆಯೇ ಎಂದು ಕೇಳಿದಳು.

"ತಪ್ಪೇನಿದೆ? ತೀರಿಕೊಂಡೋರಿಗೆ ಗೌರವ."

"ಗಂಡಸರು ತೀರಿಕೊಂಡಿದ್ದು ನಾನು ಓದಲ್ಲ," ಎಂದು ಮಿಲ್ಕಾ ತಲೆ ತಗ್ಗಿಸಿದಳು. "ಹೆಂಡತೀರದ್ದು ಮಾತ್ರ. ಓದಿ, ಆ ಮನೆ ಯಜಮಾನರಿಗೆ ಒಂದು ಬುಟ್ಟಿ ಬನ್ನು ಕಳಿಸ್ತೀನಿ. ಒಂಟಿಯಾಗಿರ್ತಾರೆ ಪಾಪ. ಇದುವರೆಗೂ ಬುಟ್ಟಿ ವಾಪಸ್ ಬಂದಿದೆ, ಯಜಮಾನರು ಯಾರೂ ಬಂದಿಲ್ಲ. ಊರಿಗೆ ಗೊತ್ತಾದ್ರೆ ನಾನು ಬೇಕರಿ ಮುಚ್ಚಬೇಕಾಗುತ್ತೆ."

ಅವಳದ್ದೂ ಅಳಿಸಲಾಯಿತು.

ಭಾನುವಾರ ಪೂಜೆ ಮುಗಿದ ಮೇಲೆ ಪಾದ್ರಿ ಅನ್ಸೆಲ್ಮೊ ಅವನನ್ನು ಚರ್ಚಿನ ಹಿಂಬದಿಗೆ ಕರೆದರು. ಜನ ತಮ್ಮ ಪಾಪವನ್ನು ಜಾಲರಿಯ ಆಚೆಯಿಂದ ಹೇಳಿಕೊಳ್ಳುವಾಗ ಈಚೆ ಕೂತ ಪಾದ್ರಿಯ ಕೈಯಲ್ಲಿ ಫೋನಿದ್ದರೆ ಆ ಯಂತ್ರಕ್ಕೆ ಕಾಣುತ್ತದೆಯೇ ಎಂದು ವಿಚಾರಿಸಿದರು. ಬೋಚಾ ಪಂದ್ಯದ ಅಂಕ ನೋಡುತ್ತಾರಂತೆ. ಹೋದ ತಿಂಗಳು ಊರಿನ ತಂಡ ಗೆದ್ದಾಗ ಬಾಯಿತಪ್ಪಿ "ಭೇಷ್!" ಎಂದುಬಿಟ್ಟರಂತೆ. ಆಚೆ ಕಡೆ ಒಬ್ಬಳು ಅತ್ತೆಯ ಕೋಳಿ ಕದ್ದದ್ದನ್ನು ಹೇಳಿಕೊಳ್ಳುತ್ತಿದ್ದಳು. ಅಂದಿನಿಂದ ಅವಳು ವಾರಕ್ಕೊಂದು ಕೋಳಿ ಕದಿಯುತ್ತಿದ್ದಾಳೆ.

"ಅಳಿಸಿದೀನಿ, ಪಾದ್ರಿಗಳೇ, ಹೋಗಿ ಬನ್ನಿ," ಎಂದ ಎವಾರಿಸ್ತೊ. ಇಂಥ ಮಾತನ್ನು ಪಾದ್ರಿಗೇ ಹೇಳಬೇಕಾಗಿ ಬಂದದ್ದರಿಂದ ಅವನಿಗೆ ಒಂದು ಕ್ಷಣ ಮೈ ಜುಮ್ಮೆಂದಿತು.

ಹೀಗೆ, ಯಾರ ಹೆಸರೂ ತಿಳಿಯದ ಒಂದು ಯಂತ್ರದ ದಯೆಯಿಂದ ಎವಾರಿಸ್ತೊಗೆ ಊರಿನ ಎಲ್ಲ ಗುಟ್ಟುಗಳೂ ಹೆಸರಿನ ಸಮೇತ ತಿಳಿದುಹೋದವು. ಕ್ಲೋತಿಲ್ದೆಯ ಗೂಡಿನದೊಂದು ಬಿಟ್ಟು. ಅವಳು ದಿನಾ ಬಂದು ಕೊಡೆಯಿಂದ ಮೇಜು ಕುಟ್ಟಿ, "ಹೇಳ್ತೀಯೋ ಇಲ್ವೋ?" ಎಂದು ಕೇಳಿ ಹೋಗುತ್ತಿದ್ದಳು. ಅವನು ಗೊತ್ತಿಲ್ಲ ಎಂದಷ್ಟೂ, ಯಾರೋ ಭಾರೀ ದೊಡ್ಡ ಮನುಷ್ಯನೇ ಇರಬೇಕು ಎಂದು ಅವಳ ಅನುಮಾನ ಮೇಲಕ್ಕೇರುತ್ತಿತ್ತು. ವಾಷಿಂಗ್ಟನ್‌ನಿಂದ ಹೊರಟದ್ದು ಪಾದ್ರಿಯನ್ನು ದಾಟಿ ಈಗ ದೇಶದ ಆರೋಗ್ಯ ಇಲಾಖೆಯವರೆಗೆ ಬಂದಿತ್ತು.

ಗುಟ್ಟು ತಿಳಿದುಕೊಂಡವನು ಸುಖವಾಗಿರುತ್ತಾನೆ ಎಂದು ಯಾರೂ ಅಂದುಕೊಳ್ಳಬಾರದು. ಎವಾರಿಸ್ತೊಗೆ ನಿದ್ದೆ ಹೋಯಿತು. ಪಾದ್ರಿಗೇ ಒಂದು ಗುಟ್ಟಿದ್ದ ಮೇಲೆ ಗುಟ್ಟಿಲ್ಲದವರು ಯಾರಿದ್ದಾರೆ? ಹಾಗಾದರೆ ತನ್ನ ಹೆಂಡತಿ ನೇಲಿದಾ ಯಾಕೆ ಇನ್ನೂ ಬಾಯಿ ಬಿಟ್ಟಿಲ್ಲ? ಇಡೀ ಊರು ಬಂದು ಅಳಿಸಿಕೊಂಡು ಹೋಯಿತು. ಇವಳೊಬ್ಬಳು ಮಾತ್ರ ಏನೂ ಅರಿಯದವಳಂಥ ಮುಖ ಮಾಡಿಕೊಂಡು ಸಾರು ಮಾಡುತ್ತಿದ್ದಾಳೆ. ಅವಳ ಫೋನು ಹಳೆಯದು, ಗಾಜು ಬಿರುಕು ಬಿಟ್ಟಿದ್ದು. ಅದು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಒರಗಿಕೊಂಡಿರುತ್ತಿತ್ತು. ಅವನು ಒಳಗೆ ಬಂದಾಗಲೆಲ್ಲ ಅವಳು ಅದನ್ನು ಮಗುಚಿಡುತ್ತಾಳೆ ಎಂದು ಅವನಿಗೆ ತೋರಿತು.

"ನೇಲಿದಾ, ನನಗೆ ಹೇಳ್ಬೇಕಾದ್ದು ಏನಾದ್ರೂ ಇದೆಯಾ?" ಎಂದು ಒಂದು ದಿನ ಊಟದ ನಡುವೆ ಕೇಳಿದ.

ಅವಳು ಚಮಚ ಕೆಳಗಿಟ್ಟಳು. ಅವನ ಮುಖವನ್ನು ದೀರ್ಘವಾಗಿ ನೋಡಿದಳು. ಬಾಯಿ ತೆರೆದಳು.

"ಗ್ಯಾಸ್ ಮುಗಿದಿದೆ," ಎಂದಳು.

ಬೇರೆ ಏನೋ ಹೇಳಹೊರಟಿದ್ದಳು ಎಂದು ಎವಾರಿಸ್ತೊ ಆಣೆ ಮಾಡಿ ಹೇಳಬಲ್ಲವನಾಗಿದ್ದ.

ಇಷ್ಟರಲ್ಲಿ ಊರಿನವರು ಪುಟ ತೆರೆಯುವುದನ್ನೇ ಬಿಟ್ಟಿದ್ದರು. ನಾಯಿಯ ಚುಚ್ಚುಮದ್ದಿಗೆ ನಾಯಿಯನ್ನೇ ಹಿಡಿದುಕೊಂಡು ಪುರಸಭೆಯ ಬಾಗಿಲಿಗೆ ಬಂದರು. ದೂರು ಕೊಡುವವರು ದೂರಿಸಿಕೊಳ್ಳುವವರ ಪಕ್ಕದಲ್ಲೇ ನಿಂತು ಸರದಿ ಕಾದರು. ವಾಷಿಂಗ್ಟನ್ ತನ್ನ ಅಂಗಡಿಯಲ್ಲಿ ಫೋನುಗಳನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟರೆ ಯಂತ್ರಕ್ಕೆ ಕಾಣುವುದಿಲ್ಲ ಎಂಬ ಸಿದ್ಧಾಂತ ಹೊರಡಿಸಿ ಒಂದು ವಾರದಲ್ಲಿ ಅಕ್ಕಿಯನ್ನೆಲ್ಲ ಮಾರಿದ. ಯಂತ್ರದ ಲೆಕ್ಕದಿಂದ ಹಳೆಯ ವಾರಗಳು ಒಂದೊಂದಾಗಿ ಜಾರಿಹೋದವು, ಹೊಸ ವಾರಗಳಲ್ಲಿ ಯಾರೂ ಇರಲಿಲ್ಲ. ಒಂದು ಬೆಳಿಗ್ಗೆ ಎವಾರಿಸ್ತೊ ಕೇಳಿದಾಗ ಕೆಂಪು ಅಂಕಿ ಮಾಯವಾಗಿತ್ತು.

ಅವನು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ಆಮೇಲೆ ಕೆಳಗಿನ ಸಾಲು ಓದಿದ. ನಿಜವಾದ ಜನರ ಸಂಖ್ಯೆ ಸಾಲದು, ಆದ್ದರಿಂದ ಹೇಳಲು ಏನೂ ಇಲ್ಲ ಎಂದಿತ್ತು. ತೆಚೇರಾ ಬರುವುದು ಗುರುವಾರ. ಜನ ಉಪಯೋಗಿಸದ ಪುಟವನ್ನು ಮುಚ್ಚಲಾಗುವುದು ಎಂಬ ಮಾತು ಅವನ ಕಣ್ಣೆದುರು ಎದ್ದು ನಿಂತಿತು. ಮೂಗಿಗೆ ಆಗಲೇ ಕುರಿಯ ವಾಸನೆ ಬಂತು.

ಓಡುತ್ತಲೇ ಬೇಕರಿಗೆ ಹೋದ. "ನೋಡಿ, ನಾನು ಅವತ್ತು ಹೇಳಿದ್ದು ಜಂಬ. ಆ ಯಂತ್ರಕ್ಕೆ ಯಾರ ಹೆಸರೂ ಗೊತ್ತಾಗಲ್ಲ. ನಿಮ್ಮ ದಮ್ಮಯ್ಯ, ಎಲ್ಲರೂ ಪುಟ ತೆರೀರಿ."

ಬೇಕರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹಿಂದೆ ಗೊತ್ತು ಅಂತಿದ್ರಿ," ಎಂದಳು ಮಿಲ್ಕಾ.

"ಸುಳ್ಳು ಹೇಳಿದ್ದೆ."

"ಹಾಗಾದ್ರೆ ಈಗ ಹೇಳ್ತಿರೋದು ನಿಜ ಅನ್ನೋದಕ್ಕೆ ಏನು ಗ್ಯಾರಂಟಿ?"

"ಗುರುವಾರ ಜಿಲ್ಲೆಯಿಂದ ಅಧಿಕಾರಿ ಬರ್ತಾರೆ. ಬುಧವಾರ ಇವರು ಪುಟ ತೆರೀರಿ ಅಂತಾರೆ," ಎಂದು ವಾಷಿಂಗ್ಟನ್ ನಿಧಾನವಾಗಿ ತಲೆಯಾಡಿಸಿದ. "ನಾನು ಹುಟ್ಟಿದ್ದು ನಿನ್ನೆ ಅಲ್ಲ, ದೋನ್ ಎವಾರಿಸ್ತೊ."

ಎಲ್ಲರೂ ಜೇಬಿನ ಫೋನಿನ ಮೇಲೆ ಕೈ ಇಟ್ಟುಕೊಂಡರು. ಅವನು ಸುಳ್ಳು ಹೇಳಿದಾಗ ಎಲ್ಲರೂ ನಂಬಿದ್ದರು. ನಿಜ ಹೇಳಿದಾಗ ಬನ್ನೂ ಸಿಗಲಿಲ್ಲ.

ಗುರುವಾರ ತೆಚೇರಾ ಬಂದರು. ದಪ್ಪ ಮೀಸೆ, ಕಂಕುಳಲ್ಲಿ ತಮ್ಮದೇ ಫ್ಲಾಸ್ಕು. ಅಧ್ಯಕ್ಷೆ ಇರ್ಮಾ ಫೋಟೊದಲ್ಲಿದ್ದ ಅದೇ ಹ್ಯಾಟು ಹಾಕಿಕೊಂಡು ಬಾಗಿಲಲ್ಲೇ ಸ್ವಾಗತಿಸಿದಳು. ಬಾಗಿಲಿನ ಹೊರಗೆ ಎಂದಿನಂತೆ ಜನರ ಸಾಲು, ನಾಯಿಗಳ ಸಾಲು. ತೆಚೇರಾ ಅದನ್ನೆಲ್ಲ ಅನುಮಾನದಿಂದ ನೋಡುತ್ತ ಒಳಗೆ ಬಂದು, "ತೋರ್ಸಿ," ಎಂದರು. ಎವಾರಿಸ್ತೊ ತೋರಿಸಿದ.

"ಜನ ಸಾಲದು. ಅಂದ್ರೆ ಯಾರೂ ಬರಲ್ಲ."

"ಬರಲ್ಲ ಅಂದ್ರೇನು? ಇಡೀ ಊರೇ ಬಾಗಿಲಲ್ಲಿ ನಿಂತಿದೆ!" ಎಂದಳು ಇರ್ಮಾ.

"ಅದೇ ನಾನೂ ಹೇಳ್ತಿರೋದು, ಮೇಡಂ. ಪುಟ ಇರೋ ಊರಲ್ಲಿ ಜನ ಬಾಗಿಲಲ್ಲಿ ಯಾಕೆ ನಿಲ್ತಾರೆ?" ತೆಚೇರಾ ಕಿಟಕಿ ತೆರೆದು ಸಾಲನ್ನೇ ಕೇಳಿದರು. "ನಿಮ್ಮಲ್ಲಿ ಯಾರಾದ್ರೂ ಪುರಸಭೆಯ ಪುಟ ತೆರೆದಿದ್ದೀರಾ?"

"ಯಾವ ಪುಟ?" ಎಂದ ವಾಷಿಂಗ್ಟನ್.

"ಅಂಥದ್ದೊಂದಿದೆ ಅಂತಾನೇ ಗೊತ್ತಿರಲಿಲ್ಲ," ಎಂದಳು ಮಿಲ್ಕಾ.

"ದೇವರಾಣೆಗೂ ಇಲ್ಲ," ಎಂದರು ಪಾದ್ರಿ ಅನ್ಸೆಲ್ಮೊ. ಎಂದವರು ಎವಾರಿಸ್ತೊನತ್ತ ನೋಡಿ, ಇದನ್ನೂ ಅಳಿಸು ಎಂಬಂತೆ ಸನ್ನೆ ಮಾಡಿದರು.

ತೆಚೇರಾ ಪೆನ್ನು ತೆಗೆದರು. ಎವಾರಿಸ್ತೊಗೆ ನಿಂತ ಕಾಲಲ್ಲೇ ಅಳು ಬಂತು. ಇಷ್ಟು ಜನರ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾಪಾಡಿದ್ದ. ಅವರಲ್ಲಿ ಒಬ್ಬರಾದರೂ ಅವನಿಗಾಗಿ ಒಂದು ಮಾತು ಆಡಲಿಲ್ಲ.

ಆಗ ವಾಷಿಂಗ್ಟನ್ ಕಿಟಕಿಯೊಳಗೆ ತಲೆ ತೂರಿಸಿ, ಅಧಿಕಾರಿಗೆ ಒಳ್ಳೆಯದಾಗಲಿ ಎಂಬ ದನಿಯಲ್ಲಿ, "ಸಾರ್, ಸ್ವಲ್ಪ ಹುಷಾರು," ಎಂದ. "ನೀವು ಹೊಸಬರು, ಅದಕ್ಕೆ ಹೇಳ್ತೀನಿ. ಆ ಯಂತ್ರಕ್ಕೆ ಯಾರು ಎಲ್ಲಿಂದ ಬೆರಳು ಒತ್ತಿದ್ರು ಅಂತೆಲ್ಲ ಗೊತ್ತಾಗುತ್ತೆ. ಇವರಿಗೂ ಎಲ್ಲಾ ಗೊತ್ತು. ಹೇಳಲ್ಲ, ಅಷ್ಟೇ."

ಪೆನ್ನು ನಿಂತಿತು. ತೆಚೇರಾ ಎದ್ದು ಕಿಟಕಿ ಮುಚ್ಚಿದರು. ಇರ್ಮಾಳನ್ನು ಮರ್ಯಾದೆಯಿಂದ ಹೊರಗೆ ಕಳುಹಿಸಿ ಬಾಗಿಲು ಹಾಕಿದರು. ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಕುರ್ಚಿ ಎಳೆದ ಆ ಸದ್ದು ಎವಾರಿಸ್ತೊಗೆ ಚೆನ್ನಾಗಿ ಪರಿಚಯವಿತ್ತು.

"ಬೇರೆ ಊರಿಂದ ಒತ್ತಿದ್ದೂ ಗೊತ್ತಾಗುತ್ತೇನ್ರೀ?"

"ನನಗೇನೂ ಗೊತ್ತಿಲ್ಲ ಸಾರ್."

"ನಮ್ಮ ಸುತ್ತೋಲೆಯಲ್ಲಿ ಹಾಗೇ ಬರೆದಿದೆ, ನಿಜ. ನಾನೇ ಬರೆದದ್ದು. ಆದ್ರೆ ನಾವು ಸುತ್ತೋಲೆಯಲ್ಲಿ ಬರೆದದ್ದೆಲ್ಲ ನಿಜ ಆಗಿರಲೇಬೇಕು ಅಂತೇನಿಲ್ಲವಲ್ಲ." ತೆಚೇರಾ ಮೀಸೆಯ ಬೆವರು ಒರೆಸಿಕೊಂಡರು. "ನೋಡಿ, ಬೆಲೆ ಎಷ್ಟು ಅಂತ ನೋಡೋಕೆ ಹೋದೆ ಅಷ್ಟೇ. ಕಚೇರೀಲಿ ಕೂತು, ಬಿಡುವಾಗಿದ್ದಾಗ. ಈ ಊರಿನವರ ಹೆಸರು ಹಾಕಿದ್ರೆ ಮಾತ್ರ ಬೆಲೆ ತೋರಿಸುತ್ತೆ ಅಂತಿತ್ತು. ನನಗೆ ಈ ಊರಲ್ಲಿ ಗೊತ್ತಿರೋರು ಒಬ್ಬರೇ. ಹಾಕಿದೆ. ಬೆಲೆ ನೋಡಿ, 'ಬೇಡ' ಅಂತ ಒತ್ತೋಕೆ ಹೋದೆ. ಅಷ್ಟು ಹೊತ್ತಿಗೆ ಮೇಲಿನ ಫೋಟೊ ಬಂತು ನೋಡಿ, ಇಡೀ ಪುಟ ಒಂದು ಗೇಣು ಕೆಳಗೆ ಜಾರಿತು. ಬೆರಳ ಕೆಳಗೆ 'ಕಾಯ್ದಿರಿಸಿ' ಬಂದು ಕೂತುಬಿಡ್ತು."

ಎವಾರಿಸ್ತೊ ಮುಂದಕ್ಕೆ ಬಾಗಿದ. "ಯಾರ ಹೆಸರು ಹಾಕಿದ್ರಿ ಸಾರ್?"

"ನನ್ನ ಅತ್ತೇದು," ಎಂದರು ತೆಚೇರಾ. "ದೋನ್ಯ ಕ್ಲೋತಿಲ್ದೆ."

ಹೊರಗೆ ಸಾಲಿನಲ್ಲಿ ಕೊಡೆಯೊಂದು ನೆಲ ಕುಟ್ಟುತ್ತಿತ್ತು. ಇಬ್ಬರೂ ಅದನ್ನು ಕೇಳಿಸಿಕೊಂಡರು. ಎವಾರಿಸ್ತೊ ತನ್ನ ಜೀವನದಲ್ಲಿ ಮೊದಲ ಸಲ ಯೋಚನೆ ಮಾಡಿ ಮಾತಾಡಿದ. ಕೀಲಿಮಣೆಯನ್ನು ಹತ್ತಿರ ಎಳೆದು, ಗುಂಡಿ ಒತ್ತಿ, "ಅಳಿಸಿದೆ ಸಾರ್," ಎಂದ.

ತೆಚೇರಾ ವರದಿಯಲ್ಲಿ ಏನು ಬರೆದರೆಂಬುದನ್ನು ಇರ್ಮಾ ಆಮೇಲೆ ಚೌಕದಲ್ಲಿ ಗಟ್ಟಿಯಾಗಿ ಓದಿಸಿದಳು: ಪುಟ ಅತ್ಯಗತ್ಯ, ನೋಡಿಕೊಳ್ಳುವವರು ಬಾಯಿ ಬಿಗಿಯುಳ್ಳವರು, ಅವರನ್ನು ಬೇರೆಡೆಗೆ ಕಳುಹಿಸುವುದು ಜಿಲ್ಲಾಡಳಿತದ ಹಿತಕ್ಕೆ ಒಳ್ಳೆಯದಲ್ಲ. ಬಾಗಿಲು ತೆರೆದಾಗ ಕ್ಲೋತಿಲ್ದೆ ಎದುರಿಗೇ ನಿಂತಿದ್ದಳು. "ಅಯ್ಯೋ, ಅಳಿಯಂದ್ರು! ನಾನಿರೋ ಊರಿಗೆ ಬಂದು ಮನೆಗೆ ಬರದೆ ಇಲ್ಲಿ ಕೂತಿದ್ದೀರಲ್ಲ!" ಎಂದು ಅವರ ಕೈ ಹಿಡಿದಳು. "ನೀವು ದೊಡ್ಡ ಅಧಿಕಾರಿ. ನನ್ನ ಗೂಡು ಹಿಡಿದೋನು ಯಾರು ಅಂತ ಇವನ ಬಾಯಿ ಬಿಡಿಸಿ." ಅಳಿಯಂದಿರು ಅತ್ತೆಯವರ ಕೊಡೆಯನ್ನು ತಾವೇ ಹಿಡಿದುಕೊಂಡು, ಮೊದಲು ಮನೆಗೆ ಹೋಗಿ ಕಾಫಿ ಕುಡಿಯೋಣ ಎಂದು ಬಹಳ ವಿನಯದಿಂದ ಅವಳನ್ನು ಕರೆದುಕೊಂಡು ಹೋದರು. ಅಂಥ ವಿನಯವನ್ನು ಅವಳು ಈ ಮೊದಲು ಕಂಡಿರಲಿಲ್ಲವೆಂದು ಕಾಣುತ್ತದೆ. ಮೂಲೆ ತಿರುಗುವಾಗ ಅವರ ಮುಖವನ್ನು ಓರೆಗಣ್ಣಿನಿಂದ ನೋಡುತ್ತಲೇ ಇದ್ದಳು.

ಸಂಜೆ ಮಳೆ ಹಿಡಿಯಿತು. ನಮ್ಮಲ್ಲಿ ಮಳೆ ಬಂದರೆ ತೋರ್ತಾ ಫ್ರೀತಾ ಕರಿಯುವುದು ನಿಯಮ. ನೇಲಿದಾ ಹಿಟ್ಟು ತಟ್ಟಿ, ನಡುವೆ ತೂತು ಮಾಡಿ, ಕಾದ ಕೊಬ್ಬಿಗೆ ಬಿಡುತ್ತಿದ್ದಳು. ಎವಾರಿಸ್ತೊ ಕೆಲಸ ಉಳಿದ ಸಂತೋಷದಲ್ಲಿ ಕಾಲು ಚಾಚಿ ಕೂತು ಮಾಟೆ ಹೀರುತ್ತಿದ್ದ.

"ಮುದುಕಪ್ಪಾ," ಎಂದಳು ಅವಳು, ಬೆನ್ನು ತಿರುಗಿಸಿಕೊಂಡೇ. "ನಿನಗೊಂದು ಮಾತು ಹೇಳ್ಬೇಕು. ಇಷ್ಟು ದಿನ ನಿನ್ನ ಯಂತ್ರಾನೇ ಹೇಳುತ್ತೆ ಅಂತ ಕಾಯ್ದೆ."

ಹೀರುವ ಕೊಳವೆ ಅವನ ಬಾಯಿಂದ ಜಾರಿತು. ಬಂತು. ಕೊನೆಗೂ ಬಂತು. ಯಾರು? ಗೋದಾಮಿನ ಹೊಸ ಗುಮಾಸ್ತನೇ? ಔಷಧಿ ಅಂಗಡಿಯವನೇ? "ಹೇಳು. ನಾನು ತಡ್ಕೋತೀನಿ," ಎಂದ.

"ನಿನ್ನ ಪುಟಾನ ನಾನು ಇದುವರೆಗೂ ನೋಡೇ ಇಲ್ಲ."

"ಅಂದ್ರೆ?"

"ಅಂದ್ರೆ ನೋಡೇ ಇಲ್ಲ. ಉದ್ಘಾಟನೆ ದಿನ ಒತ್ತಿದೆ. ಆಕಾಶ ಬಂತು. ಅಷ್ಟರಲ್ಲಿ ಹಾಲು ಉಕ್ಕಿತು, ಬಿಟ್ಟೆ. ಇನ್ನೊಂದ್ಸಲ ಒತ್ತಿದೆ, ತಾಳೆಮರದವರೆಗೂ ಬಂತು, ನಿದ್ದೆ ಬಂತು. ಆಮೇಲೆ ಒತ್ತೇ ಇಲ್ಲ. ಆರು ವರ್ಷದಿಂದ ನೀನು 'ಹೇಗಿದೆ' ಅಂದಾಗೆಲ್ಲ 'ಚೆನ್ನಾಗಿದೆ' ಅಂತಿದ್ದೀನಿ. ಬೇಜಾರು ಮಾಡ್ಕೋಬೇಡ."

ಎವಾರಿಸ್ತೊಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎದ್ದು ಸಕ್ಕರೆ ಡಬ್ಬಿಗೆ ಒರಗಿದ್ದ ಬಿರುಕು ಗಾಜಿನ ಫೋನು ತಂದು ಮೇಜಿನ ಮೇಲಿಟ್ಟ. ಪುಟದ ವಿಳಾಸ ಒತ್ತಿದ. ಇಬ್ಬರೂ ಬಗ್ಗಿ ನೋಡಿದರು. ಬಿಳಿ. ಇನ್ನೂ ಬಿಳಿ. ನೇಲಿದಾ ಹೋಗಿ ಒಂದು ತೋರ್ತಾ ಮಗುಚಿ ಹಾಕಿ ಬಂದಳು. ಆಮೇಲೆ ಮೇಲುಗಡೆಯಿಂದ ನೀಲಿಯ ಒಂದು ಪಟ್ಟಿ ಇಳಿಯಿತು.

"ಆಕಾಶ," ಎಂದಳು ನೇಲಿದಾ.

ಅವಳು ಇನ್ನೊಂದು ತೋರ್ತಾ ಬಿಟ್ಟು, ತೆಗೆದು, ಸಕ್ಕರೆ ಉದುರಿಸಿದಳು. ತಾಳೆಮರ ಬಂತು. ಹ್ಯಾಟಿನ ಅಂಚು ಬಂತು. ಎವಾರಿಸ್ತೊ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಆ ಯಂತ್ರ ಒಂಬತ್ತು ಸೆಕೆಂಡು ಎಂದಾಗ ತಾನು ಅದರ ವಂಶವನ್ನೇ ಬೈದಿದ್ದ. ಅದು ತನ್ನ ಮೇಲೆ ಎಷ್ಟು ದಯೆ ತೋರಿಸಿತ್ತು ಎಂದು ಈಗ ಅರ್ಥವಾಯಿತು. ಊರಿನ ಇಷ್ಟೂ ಜನ ಆರು ವರ್ಷ ಹೀಗೆ ಕೂತು, ನಾಯಿಯ ಸರದಿಗೂ ಬೋಚಾ ಅಂಕಕ್ಕೂ ಅವನ ಮುಖ ಇಳಿದು ಬರಲಿ ಎಂದು ಕಾದಿದ್ದರು.

"ಇದು ಯಾರು?"

"ಇರ್ಮಾ. ಅವಳ ಹಣೆ."

"ನೀನೆಲ್ಲಿ?"

"ಅವಳ ಹಿಂದೆ. ಬರ್ತಾ ಇದ್ದೀನಿ, ಸ್ವಲ್ಪ ಇರು."

ನೇಲಿದಾ ಸೊಂಟಕ್ಕೆ ಕಟ್ಟಿದ್ದ ಬಟ್ಟೆಯಿಂದ ಕೈ ಒರೆಸಿಕೊಂಡು, ಬಿಸಿ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದಳು.

"ನೀನು ಬರೋ ಹೊತ್ತಿಗೆ ಇದು ಆರಿಹೋಗುತ್ತೆ. ತಿನ್ನು," ಎಂದಳು.